ಮಾವನ ಕೈಯಳತೆ

ಬಿಡಿಭಾಗದಂಗಡಿಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಮೆಕ್ಯಾನಿಕ್ಕೂ ಅವನ ಅಕ್ಕನೂ ನಿಂತಿದ್ದರು. ಅವನ ಕೈಯಲ್ಲಿ ಹೊಸ ಟಾರ್ಕ್ ವ್ರೆಂಚ್ ಇತ್ತು.

“ನಟ್ಟು ಬಿಗಿಯೋಕೆ ಇಷ್ಟುದ್ದದ್ದು ಯಾಕೋ?”

“ಬೇಕಾದಷ್ಟು ಬಿಗಿಯಾದ ತಕ್ಷಣ ಟಕ್ ಅನ್ನತ್ತೆ ಅಕ್ಕ. ನಾನು ಕೆಲಸಕ್ಕಿದ್ದಾಗ ಮಾವ ಇದನ್ನ ತಮ್ಮ ಗ್ಯಾರೇಜಿನೊಳಕ್ಕೇ ಬಿಡ್ತಿರಲಿಲ್ಲ. ‘ನನ್ನ ಕೈಯೇ ಅಳತೆ’ ಅಂತಿದ್ರು.”

“ಆ ಕೈ ಬಿಗಿದ ಚಕ್ರ ತಾನೆ ಕಳಚಿದ್ದು?”

“ಹೂಂ. ತಪ್ಪು ನನ್ನ ತಲೆಗೆ ಕಟ್ಟಿ, ಗಿರಾಕಿಗಳ ಮುಂದೆ ಕತ್ತು ಹಿಡಿದು ಆಚೆ ದಬ್ಬಿದ್ರು.”

“ಈಗ ಅವರಿಗೇ ಕೈ ನಡುಗತ್ತೆ. ಅವರ ಕಾರು ನಿನ್ನ ಶೆಡ್ಡಿಗೇ ಬಂತಲ್ಲ.”

“ಬರಲಿ. ಅದಕ್ಕೆ ಇದನ್ನ ಮುಟ್ಟಿಸಲ್ಲ. ಅವರ ಕೈಯಳತೆಯಲ್ಲೇ ಬಿಗೀತೀನಿ.”

“ಅತ್ತೆನೂ ಅದೇ ಕಾರಲ್ಲಿ ಓಡಾಡೋದು ಕಣೋ!”

ಅವನು ದುಡ್ಡು ಕೊಟ್ಟು, ವ್ರೆಂಚನ್ನು ಹೆಗಲಿಗೇರಿಸಿ ಬಾಗಿಲಿಗೆ ನಡೆದ.

“ಸರಿ, ಅತ್ತೆ ಕೂರೋ ಕಡೆಯ ಎರಡು ಚಕ್ರಕ್ಕೆ ಮಾತ್ರ ಟಕ್ ಅನ್ನಿಸ್ತೀನಿ.”