ಎರಡು ಕೇಸಿಗೆ ಒಂದೇ ತಾರೀಖು

ಬೈಲಹೊಂಗಲ ಕೋರ್ಟಿನ ಕಟ್ಟೆಯ ಮೇಲೆ ಎದುರಾಳಿಗಳಾದ ಅಣ್ಣ ಗಂಗಯ್ಯ, ತಂಗಿ ದೇವಕ್ಕ ಒಂದೇ ಬುತ್ತಿ ಬಿಚ್ಚಿ ಕುಳಿತಿದ್ದರು. ಪಕ್ಕದಲ್ಲಿ ತನ್ನ ಕೇಸಿನ ಸರದಿಗೆ ಕಾದಿದ್ದ ಮಧು ಕಿವಿಗೊಟ್ಟಳು.

"ನನ್ನ ಹೊಲಾ ಪ್ಲಾಟ್ ಮಾಡಬಾರದಂತ ಒಂದು ಕೇಸು, ಹಳ್ಳಾ ಮುಚ್ಚಬಾರದಂತ ಇನ್ನೊಂದು. ಎಷ್ಟು ಪ್ರೀತಿ ನಿನಗ, ದೇವಕ್ಕಾ!"

"ಹಳ್ಳಾ ಮುಚ್ಚಿದ್ರ ನನ್ನ ಬಾವಿ ಬತ್ತತೈತಲ್ಲೋ ಅಣ್ಣಾ."

"ಇರ್ಲಿ. ಜಡ್ಜ್ ಸಾಹೇಬ್ರು ಇವತ್ತ ಎರಡೂ ಕೂಡಿಸಿ ಒಂದ ಮಾಡಿದ್ರು. ಇನ್ನ ತಿಂಗಳಿಗೆ ಎರಡಲ್ಲ, ಒಂದ ತಾರೀಖು."

ದೇವಕ್ಕ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಹಂಗಾರ ನೀ ಸಿಗೂದೂ ಒಂದ ಸಲ?"

ಗಂಗಯ್ಯ ಬುತ್ತಿಯನ್ನು ಅವಳತ್ತ ಸರಿಸಿದ.

"ಐತವಾರ ಅಳತೀ ಟೇಪ್ ತಗೊಂಡು ಬರತೇನಿ. ಹಳ್ಳಕ್ಕ ಎಷ್ಟು ಜಾಗಾ ಬಿಡಬೇಕು, ನೀನ ತೋರಸು."

"ಖರೇನ?"

"ಖರೇ. ನಿನ್ನ ವಕೀಲಗ ಹೇಳಬ್ಯಾಡ."

"ನಿನ್ನ ವಕೀಲಗೂ!"

ತಂಗಿಯನ್ನು ಸಂಗೊಳ್ಳಿ ಬಸ್ಸಿಗೆ ಹತ್ತಿಸಲು ಗಂಗಯ್ಯ ಎದ್ದ.