ಹಮೀದ ಎತ್ತಿದ ಚೀಟಿ

ನಮ್ಮ ಶಾಲಾ ಸಮಿತಿಯ ಮಾನ್ಯ ಅಧ್ಯಕ್ಷರಾದ ಶಿವಮೂರ್ತಪ್ಪನವರೇ, ವೇದಿಕೆಯ ಮೇಲಿರುವ ಹಿರಿಯರೇ, ಸಹೋದ್ಯೋಗಿ ಮಿತ್ರರೇ, ಮೂವತ್ತೊಂದು ವರ್ಷ ನನ್ನ ಬೆತ್ತಕ್ಕೂ ಭೂಪಟಕ್ಕೂ ಹೆದರಿಕೊಂಡು ಬದುಕಿದ ಶಿಷ್ಯರೇ, ಸಭಿಕರೇ,

ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ! ನಿವೃತ್ತನಾಗುವ ಮೇಷ್ಟ್ರನ್ನು ಹೀಗೆ ಸಿಂಗರಿಸಿ ಕೂರಿಸಿದರೆ ದಸರಾ ಆನೆಯೂ ನಾಚಿಕೊಂಡೀತು. ಸಕ್ರೆಬೈಲಿನ ಆನೆಗಾದರೂ ಮೈಯಿದೆ. ನನಗಿರುವುದು ಉಬ್ಬಸ ಒಂದೇ. ನಗಿ, ನಗಿ, ಆಮೇಲೆ ನಗುವುದಕ್ಕೆ ಹೆಚ್ಚೇನೂ ಸಿಗಲಿಕ್ಕಿಲ್ಲ.

ಹಿಂದೆ ಮಾತಾಡಿದವರು ನನ್ನನ್ನು 'ವಿಶ್ವಸಂಸ್ಥೆ ಮುರುಗೇಶಪ್ಪ' ಎಂದರು. ಶಿವಮೊಗ್ಗದ ಹುಡುಗರಿಗೆ ಜಗತ್ತನ್ನೇ ತೋರಿಸಿದ ಗುರು ಎಂದರು. ತೋರಿಸಿದೆನೇ? ಅಷ್ಟು ಹೊತ್ತೂ ಅದನ್ನೇ ಕೇಳಿಕೊಳ್ಳುತ್ತಾ ಕೂತಿದ್ದೆ.

ಅರುವತ್ತಮೂರನೆಯ ಇಸವಿ, ಅಕ್ಟೋಬರ್ ಇಪ್ಪತ್ತನಾಲ್ಕು, ವಿಶ್ವಸಂಸ್ಥೆಯ ದಿನ. ಇದೇ ಹಾಲಿನಲ್ಲಿ ಹದಿನೆಂಟು ಕುರ್ಚಿ ಹಾಕಿಸಿ, ಕುರ್ಚಿಗೊಂದು ದೇಶದ ಬಾವುಟ ಅಂಟಿಸಿ, ಹುಡುಗರ ಕೈಯಲ್ಲಿ ಲೋಕದ ಸಭೆ ನಡೆಸಿದೆ. ಮಲವಗೊಪ್ಪದ ಆಚೆ ಕಾಲಿಡದ ಹುಡುಗ ಬ್ರೆಜಿಲ್ ಆದ. ನವುಲೆಯ ರೈತರ ಮಗ ಪಂಚೆ ಉಟ್ಟುಕೊಂಡೇ ಫ್ರಾನ್ಸ್ ಆಗಿ ಬಂದ. ಊರು, ದೇಶ ಎಲ್ಲ ಸರಿ, ಅದರಾಚೆ ಇಡೀ ಲೋಕವೂ ತಮ್ಮದೇ ಎಂದು ಈ ಮಕ್ಕಳಿಗೆ ಅನ್ನಿಸಬೇಕು. ಅದೇ ನನ್ನ ಹುಚ್ಚು. ಯಾರಿಗೆ ಯಾವ ದೇಶ ಎನ್ನುವುದಕ್ಕೆ ಚೀಟಿ ಎತ್ತಿಸಿದೆ. ಪಕ್ಷಪಾತ ಇರಬಾರದಲ್ಲ!

ಭದ್ರಾವತಿಯಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ಹಮೀದ, ಲಾರಿ ಮೆಕ್ಯಾನಿಕ್ ಅಲ್ಲಾಬಕ್ಷ್ ಸಾಹೇಬರ ಮಗ, ಪಾಕಿಸ್ತಾನದ ಕುರ್ಚಿಯಲ್ಲಿ ಕೂತ. ಭಾರತದ ಕುರ್ಚಿಯಲ್ಲಿ ನಮ್ಮ ಅಧ್ಯಕ್ಷರ ಮಗ ಕೂತಿದ್ದ. ಹಮೀದ ಏನು ಮಾತಾಡಿದ ಅಂತೀರಿ! ಮೊದಲ ಬಹುಮಾನ ಅವನಿಗೇ ಬಂತು. ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆ.

ಮಾರನೆಯ ದಿನದಿಂದ ಅವನ ಹೆಸರು ಹೋಯಿತು. 'ಏ ಪಾಕಿಸ್ತಾನ, ಬಾಲ್ ಎಸಿ ಮಾರಾಯ.' 'ಪಾಕಿಸ್ತಾನ, ಓಡೋ, ರೈಲು ಬಂತು.' ಎಲ್ಲ ತಮಾಷೆಗೆ. ಹಾಜರಿ ಕೂಗುವಾಗ ನಾನೂ ಒಂದೆರಡು ಸಲ ಹಾಗೆ ಕೂಗಿದ್ದೇನೆ. ತಮಾಷೆಗೆ.

ಹೋದ ವರ್ಷ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಬಂತು. ತುಂಗೆಯ ಸೇತುವೆ ಕಾಯಲು ದೊಡ್ಡ ಹುಡುಗರ ಒಂದು ದಳ ಮಾಡಿ ಎಂದು ಊರಿನ ಹಿರಿಯರು ಹೇಳಿದರು. ಯಾರು ಬರ್ತೀರಿ ಎಂದು ಕೇಳಿದೆ. ಮೊದಲು ಎದ್ದು ನಿಂತವನು ಹಮೀದ. ಹಿಂದಿನ ಬೆಂಚಿನಿಂದ ಒಬ್ಬ, 'ಸೇತುವೆ ಕಾಯೋಕೆ ಪಾಕಿಸ್ತಾನನಾ ಸಾರ್?' ಎಂದ. ಕ್ಲಾಸೆಲ್ಲ ನಕ್ಕಿತು. ಹೆಸರು ಬರೆದುಕೊಳ್ಳುತ್ತಿದ್ದವನು ನಾನು. ಸಭಿಕರೇ, ನಾನೂ ನಕ್ಕೆ. 'ನೀನು ಕೂತ್ಕೋ ಮಾರಾಯ, ಸುಮ್ನೆ ಯಾಕೆ ಮಾತು' ಎಂದೆ. ಕೂತ. ಮಾರನೆಯ ದಿನ ಶಾಲೆಗೆ ಬರಲಿಲ್ಲ. ಪರೀಕ್ಷೆಗೂ ಬರಲಿಲ್ಲ. ಅಂಥ ಹುಡುಗ ಎಸ್ಸೆಸ್ಸೆಲ್ಸಿಗೆ ಕೂರದೇ ಹೋದ.

ಕಳೆದ ಭಾನುವಾರ ಈ ಸಮಾರಂಭದ ಕಾಗದ ಹಿಡಿದು ಭದ್ರಾವತಿಗೆ ಹೋದೆ. ಹಮೀದ ಲಾರಿಯ ಅಡಿಯಿಂದ ಎದ್ದು ಬಂದ. ಕೈಯೆಲ್ಲ ಗ್ರೀಸು, ಕಾಗದ ಮುಟ್ಟಲಿಲ್ಲ. ಅವನ ತಾಯಿ ಜೈನಾಬಿ ಚಹಾ ಕೊಟ್ಟರು.

'ಬರ್ತೀಯೇನೋ?' ಎಂದೆ.

'ಬಂದ್ರೆ ಯಾವ ಕುರ್ಚಿ ಕೊಡ್ತೀರಿ ಸಾರ್?' ಎಂದ. ಕೊಂಕಿರಲಿಲ್ಲ. ಆಮೇಲೆ ಸ್ಪಾನರ್ ಒರೆಸುತ್ತಾ, 'ಆವತ್ತು ನಾನೆತ್ತಿದ ಚೀಟಿ ನಿಮಗೆ ನೆನಪಿದೆಯಾ ಸಾರ್?' ಎಂದ.

'ಎಷ್ಟು ಹಳೇ ಮಾತು, ಮರೆತೇಹೋಯ್ತು ಕಣೋ' ಎಂದೆ.

ಮರೆತಿಲ್ಲ. ಅಧ್ಯಕ್ಷರೇ, ಕ್ಷಮಿಸಬೇಕು, ಪಾಕಿಸ್ತಾನದ ಚೀಟಿ ಎತ್ತಿದವನು ತಮ್ಮ ಮಗ. ತಮಗೆಲ್ಲಿ ಸಿಟ್ಟು ಬರುತ್ತದೋ ಎಂದು ಹೆದರಿ, ಹಮೀದನ ಕೈಯ ಚೀಟಿ ಕಿತ್ತುಕೊಂಡು ಅದಲುಬದಲು ಮಾಡಿದೆ. 'ನಿನಗೆ ಇದೇ ಸುಲಭ ಅಲ್ವೇನೋ' ಎಂದೆ. ಎಂಟನೇ ಕ್ಲಾಸಿನ ಮಗುವಿಗೆ! 'ಸಾರ್, ಅದು ನನಗೆ ಬಂದಿದ್ದು' ಎಂದು ಒಂದೇ ಸಲ ಹೇಳಿದ. ಮತ್ತೆ ಕೇಳಲಿಲ್ಲ.

ಇಷ್ಟು ದೊಡ್ಡ ಮೈಕು ಹಾಕಿಸಿದ್ದೀರಿ. ಆದರೂ ಭದ್ರಾವತಿಗೆ ಕೇಳಿಸುವುದಿಲ್ಲ. ಅಲ್ಲಿ, ಅವನ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ ನನಗೆ; ಇಲ್ಲಿ ಹಾರ ಹಾಕಿಸಿಕೊಂಡು ಹೇಳುತ್ತಿದ್ದೇನೆ. ನೆನಪಿದೆ ಹಮೀದ. ನೀನು ಎತ್ತಿದ್ದು ಭಾರತ.

ಕೂತು ಕೇಳಿದಿರಿ, ನಿಮ್ಮೆಲ್ಲರ ಉಪಕಾರ ದೊಡ್ಡದು. ನಮಸ್ಕಾರ.