ಒಂದು ಲೋಟ ಗಂಜಿ

ಶರಣರೇ, ಒಂದು ಊರು ಅಂದುಕೊಳ್ಳಿ. ಊರೆಂದ ಮೇಲೆ ಒಬ್ಬ ಸಾಹುಕಾರ ಇರಲೇಬೇಕಲ್ಲ, ಇದ್ದ. ಊರಿನ ಕಾಲೇಜೂ ಅವನದೇ. ಅಲ್ಲಿ ಗೃಹವಿಜ್ಞಾನ ಓದುವ ಹುಡುಗಿಯರದೊಂದು ಸಂಘ. ಅದಕ್ಕೆ ಅಧ್ಯಕ್ಷೆ, ಕಾರ್ಯದರ್ಶಿ ಎಲ್ಲ ಉಂಟು. ಹೆಸರಿಗೆ ನಾಯಕತ್ವ ಕಲಿಸುವ ಸಂಘ. ನಡೆಯುತ್ತಿದ್ದದ್ದೇನು? ಸಾಹುಕಾರನ ಅತಿಥಿಗಳು ಬಂದಾಗಲೆಲ್ಲ ಹೋಳಿಗೆ ಮಾಡುವುದು, ಬಡಿಸುವುದು, ಎಲೆ ಎತ್ತುವುದು. ನೋಡಿ, ಎಂಥ ನಾಯಕತ್ವ!

ಆ ವರ್ಷ ಅಧ್ಯಕ್ಷೆಯಾದವಳು ದರ್ಜಿಯ ಮಗಳು. ಹೆಸರು ಬೇಡ, ನಿಮ್ಮ ಮನೆಯ ಹುಡುಗಿ ಅಂತಲೇ ಇಟ್ಟುಕೊಳ್ಳಿ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವಳ ಜೀವದ ಗೆಳತಿ ಸಂಘದ ಕಾರ್ಯದರ್ಶಿ. ಆ ಗೆಳತಿಯ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ಗೆಳತಿ ಕಾಲೇಜು ಬಿಟ್ಟಳು. ಯಾಕೆ ಬಿಟ್ಟಳು? ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವೇ? ಇದ್ದರಪ್ಪ, ಇದ್ದರು! ಅಪ್ಪ ಇದ್ದ. ಎತ್ತಿನಂಥ ಇಬ್ಬರು ಅಣ್ಣಂದಿರಿದ್ದರು. ಮೂವರಲ್ಲಿ ಒಬ್ಬನಿಗೂ ಒಂದು ಲೋಟ ಗಂಜಿ ಮಾಡಲು ಬರುತ್ತಿರಲಿಲ್ಲ.

ಅಧ್ಯಕ್ಷೆ ಗೆಳತಿಯನ್ನು ಕರೆಯಲು ಹೋದಳು. ಗೆಳತಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, "ಸಂಘದಾಗಿಂದ ನನ್ನ ಹೆಸರು ತಗದ್ಬಿಡವಾ" ಎಂದಳು. ಒಳಗೆ ಅಣ್ಣ ತಟ್ಟೆಯ ಮುಂದೆ ಕೂತು, "ಇನ್ನೂ ಎಷ್ಟೊತ್ತ?" ಎಂದು ಕೂಗುತ್ತಿದ್ದ. ಅಧ್ಯಕ್ಷೆಗೆ ಮೈಯೆಲ್ಲ ಉರಿಯಿತು.

"ತಗಿಯಂಗಿಲ್ಲ" ಎಂದಷ್ಟೇ ಹೇಳಿ ಬಂದಳು.

ಸಂಘ ಸೇರಿತು. ಪ್ರತಿ ಭಾನುವಾರ ಕಾಲೇಜಿನ ಅಡುಗೆ ಪ್ರಯೋಗಶಾಲೆಯಲ್ಲಿ ಹುಡುಗರಿಗೆ ಅಡುಗೆ ಮತ್ತು ರೋಗಿಯ ಆರೈಕೆ ಕಲಿಸುವುದು, ಆ ಇಬ್ಬರು ಅಣ್ಣಂದಿರಿಂದಲೇ ಶುರು ಮಾಡುವುದು ಎಂದು ತೀರ್ಮಾನವಾಯಿತು. ಅಪ್ಪಣೆ ಕೇಳಲು ಹೋದರೆ ಸಾಹುಕಾರ ಹೊಟ್ಟೆ ಹಿಡಿದುಕೊಂಡು ನಕ್ಕ.

"ಗಂಡಸರ ಕೈಯಾಗ ಸೌಟು ಕೊಡಾಕ ಹೊಂಟೀರೇನು? ಅದೇನು ದೊಡ್ಡ ವಿದ್ಯಾ ಅಂತ ಕಲಸ್ತೀರಿ? ವಾರ್ಷಿಕೋತ್ಸವಕ್ಕ ಹೋಳಿಗಿ ಛಲೋ ಆಗ್ಲಿ, ಅಷ್ಟ ನೋಡ್ರಿ."

ವಾರ್ಷಿಕೋತ್ಸವ ಬಂತು. ವೇದಿಕೆಯ ಮೇಲೆ ಸಾಹುಕಾರ, ಪಕ್ಕದಲ್ಲಿ ಶಾಲು ಹೊದ್ದ ನಾಲ್ವರು ಗಣ್ಯರು. ಕೆಳಗೆ ಊರಿಗೆ ಊರೇ ಸೇರಿತ್ತು, ಹಿಂದಿನ ಸಾಲಿನಲ್ಲಿ ಗೆಳತಿಯ ಅಣ್ಣಂದಿರೂ ಇದ್ದರು. ಅಧ್ಯಕ್ಷೆ ಹಾರ ತರುತ್ತಾಳೆಂದು ಎಲ್ಲರೂ ಕಾಯುತ್ತಿದ್ದರೆ, ಅವಳು ತಂದದ್ದೇನು? ಒಲೆ, ಪಾತ್ರೆ, ಅಕ್ಕಿ, ನೀರು, ಉಪ್ಪು. ಎಲ್ಲವನ್ನೂ ಗಣ್ಯರ ಮುಂದಿನ ಮೇಜಿನ ಮೇಲೆ ಇಟ್ಟಳು. ಸಾಹುಕಾರನ ಕಡೆ ತಿರುಗಿದಳು.

"ಸಾವ್ಕಾರ್ರ, ದೊಡ್ಡ ವಿದ್ಯಾ ಅಲ್ಲಂದ್ರಿ. ನೀವು ಐದು ಮಂದಿ ಅದೀರಿ. ಹಾಸಿಗಿ ಹಿಡಿದ ನಮ್ಮ ಗೆಳತಿ ಅವ್ವಗ ಒಂದ ಲೋಟ ಗಂಜಿ ಮಾಡ್ರಿ. ಮಾಡಿದ್ರ ಇವತ್ತ ಸಂಘ ಮುಚ್ಚತೀವಿ. ಆಗ್ಲಿಲ್ಲಂದ್ರ ಭಾನುವಾರ ಪ್ರಯೋಗಶಾಲೆ ಬಾಗಲಾ ತೆರೀಬೇಕು."

ಸಭೆ ಚಪ್ಪಾಳೆ ಹೊಡೆಯಿತು. ಸಾಹುಕಾರ ಹಿಂದೆ ಸರಿಯುವಂತಿಲ್ಲ, "ಆಗ್ಲಿ" ಎಂದ. ಅಂಗಿಯ ತೋಳು ಮಡಚಿದ. ಅಕ್ಕಿ ತೊಳೆಯಲಿಲ್ಲ. ಗಂಜಿಗೆ ಒಂದು ಹಿಡಿ ಸಾಕು, ಇವನು ಅರ್ಧ ಪಾತ್ರೆ ಸುರಿದ. ಅಕ್ಕಿ ಮುಳುಗುವಷ್ಟೇ ನೀರು ಹಾಕಿ ಉರಿ ದೊಡ್ಡದು ಮಾಡಿದ. ಒಬ್ಬ ಗಣ್ಯ ಉಪ್ಪು ಹಾಕಿದ, ಅದನ್ನು ನೋಡದೆ ಇನ್ನೊಬ್ಬನೂ ಹಾಕಿದ. ತಳ ಹತ್ತಿ ಹೊಗೆ ಎದ್ದಿತು, ಮೇಲಿನ ಅಕ್ಕಿ ಇನ್ನೂ ಕಲ್ಲಿನ ಹಾಗೇ ಇತ್ತು. ಸಭೆ ಬಿದ್ದು ಬಿದ್ದು ನಕ್ಕಿತು.

ಸಾಹುಕಾರ ಕೊಟ್ಟ ಮಾತು ಉಳಿಸಿಕೊಂಡನೇ? ಎಲ್ಲಿಂದ! "ಸಂಘ ರದ್ದು! ಪ್ರಯೋಗಶಾಲೆಗೆ ಬೀಗ ಜಡೀರಿ!" ಎಂದು ಕಿರುಚಿದ.

"ಜಡೀರಿ" ಎಂದಳು ಅಧ್ಯಕ್ಷೆ. "ಊರಾಗಿನ ಒಲಿಗೆಲ್ಲ ಬೀಗ ಹಾಕ್ತೀರೇನು? ಭಾನುವಾರ ನಮ್ಮಪ್ಪನ ಅಂಗಡಿ ಮುಂದ ಒಲಿ ಹೂಡ್ತೀವಿ. ಯಾರ ಅಪ್ಪಣೆನೂ ಕೇಳಂಗಿಲ್ಲ."

ಭಾನುವಾರ ಹೂಡಿಯೇ ಬಿಟ್ಟರು. ಮೊದಲು ಬಂದವರು ಯಾರು? ಆ ಸಭೆಯಲ್ಲಿ ನಗಲಾರದೆ ತಲೆ ತಗ್ಗಿಸಿ ಕೂತಿದ್ದ ಅಣ್ಣಂದಿರು. ಬೆರಳು ಸುಟ್ಟುಕೊಂಡರು, ಬೈಸಿಕೊಂಡರು, ಕಲಿತರು. ಗೆಳತಿ ಕಾಲೇಜಿಗೆ ಮರಳಿದಳು. ಭಾನುವಾರ ಮಾತ್ರ ಅಂಗಡಿ ಮುಂದಿನ ಒಲೆಯ ಹತ್ತಿರ ಅವಳೇ ಕಾರ್ಯದರ್ಶಿ.

ಚೆನ್ನಾಗಿ ನಕ್ಕಿರಿ. ಸಾಹುಕಾರನನ್ನು ನೆನೆದು ನಕ್ಕಿರಿ. ಈಗ ನಗು ನಿಲ್ಲಿಸಿ, ಸ್ವಲ್ಪ ಕಿವಿಗೊಡಿ. ಒಳಗೆ ಪಟ ಪಟ ಸದ್ದು ಕೇಳುತ್ತಿದೆಯೇ? ನಮ್ಮ ಮಠದ ದಾಸೋಹದ ಮನೆಯಲ್ಲಿ ನಿಮ್ಮ ತಾಯಂದಿರು, ಹೆಂಡಿರು, ಸೊಸೆಯರು ರೊಟ್ಟಿ ಬಡಿಯುತ್ತಿದ್ದಾರೆ. ಈ ಮಾತು ಅವರಿಗೆ ಬೇಡವೇ? ನಿಮಗೆ ಪ್ರವಚನ, ಅವರಿಗೆ ಹೊಗೆ, ಇದು ಯಾವ ನ್ಯಾಯ? ಯಾವ ದೇವರು ಮೆಚ್ಚುತ್ತಾನೆ ಇದನ್ನು?

ಇನ್ನು ಮೇಲೆ ಮನೆಯಲ್ಲಿ ಒಂದು ಹೊತ್ತಿನ ಅಡುಗೆ ಗಂಡಸರದು. ಮಗನಿಗೆ ಅನ್ನ ಬಸಿಯಲು ಕಲಿಸಿ, ನಿಮಗೆ ಬಾರದಿದ್ದರೆ ಅವನ ಜೊತೆಗೇ ಕಲಿಯಿರಿ. ಪುಸ್ತಕ ಹಿಡಿದು ಕೂತ ಮಗಳನ್ನು ನೀರು ತಾ ಎಂದು ಎಬ್ಬಿಸಬೇಡಿ, ನಿಮಗೂ ಕಾಲಿವೆ. ಇದೆಲ್ಲ ನಾಳೆಯಿಂದಲ್ಲ, ಈಗಿನಿಂದಲೇ. ತಾಯಂದಿರು ಹೊರಗೆ ಬಂದು ಮೊದಲ ಪಂಕ್ತಿಯಲ್ಲಿ ಕೂರುವ ತನಕ ಇವತ್ತು ಇಲ್ಲಿ ಯಾರಿಗೂ ಎಲೆ ಹಾಕುವಂತಿಲ್ಲ. ಒಪ್ಪದವರು ಹಸಿದುಕೊಂಡೇ ಮನೆಗೆ ಹೋಗಬಹುದು, ದಾರಿ ಬಿಡುತ್ತೇವೆ. ನಾನಂತೂ ಪೀಠದಿಂದ ಇಳಿಯುತ್ತಿದ್ದೇನೆ. ಸೌಟು ಎಲ್ಲಿದೆ, ತೋರಿಸಿ.